ಲೆಕ್ಕದ ಬಾಯಮ್ಮ

ಗುಲಾಬಿ ಆ ಹೆಂಗಸನ್ನು ಮೊದಲು ಕಂಡದ್ದು ಆಲೂಗಡ್ಡೆ ಮೂಟೆಯ ಪಕ್ಕದಲ್ಲಿ. 2002ರ ಸೆಪ್ಟೆಂಬರು. ಲಂಡನ್ನಿನಲ್ಲಿ ಕಾಲೇಜು ಶುರುವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಸೌತ್‌ಹಾಲ್ ಬದಿಯ ಆ ಕಾಲೇಜಿನಲ್ಲಿ ಅಡುಗೆ ಕಲಿಸುವುದಕ್ಕೆಂದೇ ಒಂದು ದೊಡ್ಡ ಕೋಣೆಯಿತ್ತು. ಉದ್ದುದ್ದ ಸ್ಟೀಲ್ ಮೇಜುಗಳು, ಆಳೆತ್ತರದ ಓವನ್‌ಗಳು, ಗೋಡೆಗೆ ತೂಗುಹಾಕಿದ ಸೌಟುಗಳು. ಅಲ್ಲಿ ಎಲ್ಲರೂ ನಿಂತೇ ಕೆಲಸ ಮಾಡಬೇಕು. ಆ ಹೆಂಗಸು ಮಾತ್ರ ಹಾಲಿನ ಕ್ರೇಟೊಂದನ್ನು ಮಗುಚಿ ಹಾಕಿಕೊಂಡು, ಯಾರದೋ ದೊಗಳೆ ಬಿಳಿ ಕೋಟು ತೊಟ್ಟು, ಮಡಿಲಲ್ಲಿ ಕಂದು ಬಣ್ಣದ ಚೀಲ ಇಟ್ಟುಕೊಂಡು ಕೂತಿದ್ದರು. ಐವತ್ತು ದಾಟಿದ ಪ್ರಾಯ, ಗಿಡ್ಡ ಕೂದಲು, ಕೊರಳಲ್ಲಿ ಸಣ್ಣ ಶಿಲುಬೆ. ಅವರು ಯಾರ ಮುಖವನ್ನೂ ನೋಡಲಿಲ್ಲ. ಕೈಗಳನ್ನು ನೋಡುತ್ತಿದ್ದರು. ಈರುಳ್ಳಿ ಹೆಚ್ಚುವವಳ ಕೈ, ಹಿಟ್ಟು ಕಲಸುವವನ ಕೈ, ಆಮೇಲೆ ಗುಲಾಬಿಯ ಕೈ.

ಮುಖ ಬಿಟ್ಟು ಕೈ ನೋಡುವವರನ್ನು ಗುಲಾಬಿ ಬದುಕಿನಲ್ಲಿ ಎರಡು ಬಗೆಯಲ್ಲಿ ಕಂಡಿದ್ದಳು. ಶಾಸ್ತ್ರ ಹೇಳುವವರು ಒಂದು, ಕಳ್ಳರನ್ನು ಹಿಡಿಯುವವರು ಇನ್ನೊಂದು. ಇವರು ಶಾಸ್ತ್ರ ಹೇಳುವವರ ಹಾಗೆ ಕಾಣಲಿಲ್ಲ. ಗುಲಾಬಿ ಕೈಯನ್ನು ಏಪ್ರನ್ನಿನ ಕೆಳಗೆ ಎಳೆದುಕೊಂಡಳು.

"ಅದ್ ಯಾರಾ ಲೋಕೇಶ?" ಅಂತ ಪಕ್ಕದ ಮೇಜಿನವನನ್ನು ಕೇಳಿದಳು. ಲೋಕೇಶ ಕುಂದಾಪುರದ ಬದಿಯವನೇ, ರೇನರ್ಸ್ ಲೇನ್‌ನ ಹೋಟೆಲೊಂದರಲ್ಲಿ ದೋಸೆ ಹೊಯ್ಯುವವನು. ಸರ್ಟಿಫಿಕೇಟು ತಾ ಎಂದು ಯಜಮಾನನೇ ಕಳಿಸಿದ್ದ.

"ಯಾರಿಗ್ಗೊತ್ತ್ ಗುಲಾಬಕ್ಕ. ಕೂಕಂಡ್ ಕಾಂಬ್ದ್ ಕಂಡ್ರೆ ಆಫೀಸಿನವ್ರೇ ಸೈ."

ಗುಲಾಬಿಗೆ ಹೆದರುವುದಕ್ಕೆ ಕಾರಣವಿತ್ತು. ಗಂಡ ಭೋಜ ಲಂಡನ್ನಿನ ಹೋಟೆಲ್ ಅಡುಗೆಮನೆಗಳಲ್ಲೇ ಆಯುಸ್ಸು ತೇದು ತೀರಿಕೊಂಡ ಮೇಲೆ, ಮನೆಯಲ್ಲಿ ಗೋಡೆ ನೋಡುತ್ತ ಕೂರಲಾರದೆ ಅವಳು ವೆಂಬ್ಲಿಯ ಈಲಿಂಗ್ ರೋಡಿನ ಹಿಂದಿನ ಹಾಲ್‌ನಲ್ಲಿ ನಡೆಯುವ ಲಂಚ್ ಕ್ಲಬ್ಬಿಗೆ ಹೋಗತೊಡಗಿದ್ದಳು. ಮಂಗಳವಾರ, ಗುರುವಾರ ಮಧ್ಯಾಹ್ನ ಅಲ್ಲಿ ನಮ್ಮ ಕಡೆಯ ಮುದುಕ ಮುದುಕಿಯರಿಗೆ ಬಿಸಿ ಊಟ. ಮೊದಲು ತರಕಾರಿ ಹೆಚ್ಚಿದಳು, ಆಮೇಲೆ ಒಗ್ಗರಣೆ ಹಾಕಿದಳು, ಅಡುಗೆಯವಳು ಬಿಟ್ಟುಹೋದ ಮೇಲೆ ಸೌಟೇ ಅವಳ ಕೈಗೆ ಬಂತು. ಹಾಗಿರುವಾಗ ಕೌನ್ಸಿಲಿನವರ ಹುಕುಂ ಬಂತು: ಬರುವ ಬೇಸಿಗೆಯೊಳಗೆ ಅಡುಗೆ ಮಾಡುವವರ ಹತ್ತಿರ ಕಾಲೇಜಿನ ಸರ್ಟಿಫಿಕೇಟು ಇರಬೇಕು, ಇಲ್ಲವಾದರೆ ಒಲೆ ಬಂದ್. ಊಟ ಫ್ರೀಜ್ ಮಾಡಿದ ಡಬ್ಬಿಯಲ್ಲಿ ವ್ಯಾನಿನಲ್ಲಿ ಬರುತ್ತದೆ.

ಕ್ಲಬ್ಬಿನ ಸೆಕ್ರೆಟರಿ ಅಶ್ವತ್ಥನಾರಾಯಣ ಬೆಂಗಳೂರಿನವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಮಾದರಿಗೆ ಬಂದ ಡಬ್ಬಿಯನ್ನು ಅವರೇ ತೆರೆದು ರುಚಿ ನೋಡಿದ್ದರು.

"ನೋಡೀಮ್ಮಾ ಗುಲಾಬಮ್ಮ, ಇದನ್ನ ತಿನ್ನೋದಕ್ಕಿಂತ ಏಕಾದಶಿ ವಾಸಿ. ವಾರಕ್ಕೆರಡು ಏಕಾದಶಿ ಮಾಡೋ ವಯಸ್ಸಲ್ಲ ನಮ್ದು. ನೀವು ಹೋಗಿ ಆ ಸರ್ಟಿಫಿಕೇಟ್ ತಂದುಬಿಡಿ."

ಅಡುಗೆ ಮಾಡಿ ತೋರಿಸುವುದಕ್ಕೆ ಅವಳಿಗೆ ಹೆದರಿಕೆಯಿರಲಿಲ್ಲ. ಹೆದರಿಕೆ ಬೇರೆಯದೇ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡ ಅಕ್ಷರ ಕೂಡಿಸಿ ಓದುತ್ತಿದ್ದಳು, ಬಸ್ಸಿನ ನಂಬರು ಗೊತ್ತಾಗುತ್ತಿತ್ತು. ಕಾಗದದ ಮೇಲೆ ಗುಣಿಸು ಭಾಗಿಸು ಅಂದರೆ ಕಣ್ಣಿಗೆ ಕತ್ತಲೆ.

ಅಡುಗೆ ಮೇಷ್ಟ್ರು ಬ್ರಯನ್, ದೊಡ್ಡ ಹೊಟ್ಟೆಯ ಇಂಗ್ಲಿಷಿನವನು, ಆ ದಿನ ಕೈತಟ್ಟಿ ಎಲ್ಲರನ್ನೂ ಕರೆದ. ಇವರು ನೋರಾ, ಗಣಿತದ ಟೀಚರ್. ಈ ವರ್ಷದಿಂದ ಗಣಿತಕ್ಕೆ ಬೇರೆ ಕೋಣೆ, ಬೇರೆ ಕ್ಲಾಸು ಇಲ್ಲ. ಒಲೆಯ ಪಕ್ಕದಲ್ಲೇ ಕಲಿಯುವುದು. ಸರ್ಟಿಫಿಕೇಟಿಗೆ ಅಡುಗೆಯ ರುಜು ನನ್ನದು, ಲೆಕ್ಕದ ರುಜು ಇವರದು.

ಪ್ರತ್ಯೇಕ ಕ್ಲಾಸು ತಪ್ಪಿತೆಂದು ಉಳಿದವರು ಖುಷಿಪಟ್ಟರು. ಗುಲಾಬಿ ಖುಷಿಪಡಲಿಲ್ಲ. ಕೇಳದೆ ಕೊಟ್ಟ ಸವಲತ್ತಿನಲ್ಲಿ ಕಲ್ಲು ಇದ್ದೇ ಇರುತ್ತದೆ, ಕಚ್ಚಿದ ಮೇಲೆ ಗೊತ್ತಾಗುತ್ತದೆ.

ಲೋಕೇಶ ಅದಕ್ಕೆ ತುಪ್ಪ ಹೊಯ್ದ. ಹೋದ ವರ್ಷ ಅವರ ಹೋಟೆಲಿಗೂ ಹೀಗೇ ಒಬ್ಬ ಬಂದಿದ್ದನಂತೆ, ಟೈ ಕಟ್ಟಿಕೊಂಡು, ಕ್ಯಾಲ್ಕ್ಯುಲೇಟರ್ ಹಿಡಿದುಕೊಂಡು. ಮೂಲೆಯಲ್ಲಿ ಕೂತು ನೋಡಿದ, ಚಾ ಕುಡಿದ, ಹೋದ. ಮರುವಾರ ಸಾಂಬಾರಿನ ಬಟ್ಟಲು ಬದಲಾಯಿತು. ಚಟ್ನಿಯ ಸೌಟು ಬದಲಾಯಿತು. ಆಮೇಲೆ ಪಾತ್ರೆ ತೊಳೆಯುವ ಒಬ್ಬನಿಗೆ ಕೆಲಸವಿಲ್ಲ ಎಂದಾಯಿತು.

"ಲೆಕ್ಕ ಅಡ್ಗಿಮನಿಗ್ ಬಂದ್ರೆ ಬಟ್ಲ್ ಸಣ್ಣ ಆತ್ತ್ ಗುಲಾಬಕ್ಕ. ನೆನ್ಪಿಟ್ಕಣಿ."

ಆ ಮಾತು ಗುಲಾಬಿಯ ಮನಸ್ಸಿನಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಲೆಕ್ಕ ಅಡುಗೆಮನೆಗೆ ಬರುವುದು ಉಣ್ಣುವವರ ಬಾಯಿಂದ ಕಸಿಯುವುದಕ್ಕೆ. ಇನ್ಯಾವುದಕ್ಕೆ ಬರಬೇಕು?

ಅವತ್ತಿನಿಂದ ನೋರಾ ಹತ್ತಿರ ಬಂದರೆ ಗುಲಾಬಿ ಪಾತ್ರೆಗೆ ಬೆನ್ನು ಅಡ್ಡ ಕೊಡುತ್ತಿದ್ದಳು. ಉಪ್ಪು ಹಾಕುವುದಿದ್ದರೆ ಅವರು ಆಚೆ ತಿರುಗಿದಾಗ ಹಾಕುತ್ತಿದ್ದಳು. ನೋರಾ ಕಾಗದ ಕೊಡುತ್ತಿರಲಿಲ್ಲ, ಬೋರ್ಡಿನಲ್ಲಿ ಬರೆಯುತ್ತಿರಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ ಇಂಗ್ಲಿಷಿನಲ್ಲಿ ಎರಡೇ ಪ್ರಶ್ನೆ: ಎಷ್ಟು? ಅಷ್ಟು ಸಾಕು ಅಂತ ಹೇಗೆ ಗೊತ್ತಾಯಿತು? ಪೊಲೀಸ್ ಸ್ಟೇಷನ್ನಿನಲ್ಲೂ ಇದೇ ಎರಡು ಪ್ರಶ್ನೆ ಕೇಳುತ್ತಾರೆ ಎಂದು ಲೋಕೇಶ ನಗುತ್ತಿದ್ದ. ಇಬ್ಬರೂ ಅವರ ಎದುರಿಗೇ ಕುಂದಾಪುರದ ಮಾತಿನಲ್ಲಿ ಅವರಿಗೆ ಹೆಸರಿಟ್ಟಿದ್ದರು, ಕ್ರೇಟಿನ ಮೇಲಿನ ಗೂಬೆ.

"ಗೂಬೆ ಇವತ್ ಬೇಗ ಬಂದಿತ್ತ್ ಕಾಣಿ."

"ಬರ್ಲಿ ಬರ್ಲಿ. ಹಗ್ಲಿಗ್ ಕಣ್ ಕಾಣ್ತಿಲ್ಲೆ ಅದ್ಕೆ."

ಹೀಗೆ ಕೆಲವು ವಾರ ನಡೆಯಿತು. ಒಂದು ದಿನ ಗುಲಾಬಿ ಬೇಳೆ ಬಡಿಸುವ ಸೌಟು ತೊಳೆಯುತ್ತಿದ್ದಾಗ ಹಿಂದಿನಿಂದ ಕೈಯೊಂದು ಚಾಚಿತು.

"ಗೂಬಿಗ್ ಒಂಚೂರ್ ಆ ಸೌಟ್ ಕೊಡ್ತ್ರ್ಯಾ? ಎಷ್ಟ್ ಹಿಡಿತ್ತ್ ಅಂದೇಳಿ ಕಾಂಬ."

ಲೋಕೇಶನ ಕೈಯಿಂದ ಈರುಳ್ಳಿ ಉರುಳಿ ಮೇಜಿನ ಕೆಳಗೆ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಅವನೂ ಕೆಳಗೆ ಹೋದ, ಬೇಗ ಮೇಲೆ ಬರಲಿಲ್ಲ. ಗುಲಾಬಿ ಮಾತ್ರ ನಿಂತಲ್ಲೇ ನಿಂತಳು.

"ನೀವ್ ನಮ್ ಬದಿಯವ್ರಾ?"

"ಗಂಗೊಳ್ಳಿ. ಮನ್ಯಗೆ ಕೊಂಕಣಿ, ಬೀದಿಯಗೆ ನಿಮ್ದೇ ಮಾತ್."

"ಮತ್ತೆ ಇಷ್ಟ್ ದಿನ ಎಂತಕ್ಕೆ ಬಾಯಿ ಬಿಡ್ಲಿಲ್ಲೆ?"

"ಬಿಟ್ಟಿದ್ರೆ ನೀವ್ ಮಾತ್ ನಿಲ್ಲಿಸ್ತಿದ್ರಿ. ಚಿಟಿಕೆ, ಮುಷ್ಟಿ, ಬೊಗಸೆ, ಕಣ್ಣಂದಾಜಿ... ನೀವಿಬ್ರ್ ಅಳ್ತಿಗ್ ಎಷ್ಟ್ ಹೆಸ್ರ್ ಹೇಳ್ತ್ರಿ ಅಂದೇಳಿ ಕೇಂತಾ ಇದ್ದೆ."

ಬೇರೆಯವರಾದರೆ ನಾಚಿಕೆಪಡುತ್ತಿದ್ದರೋ ಏನೋ. ಗುಲಾಬಿಗೆ ಸಂಶಯ ಇಮ್ಮಡಿಯಾಯಿತು. ಭಾಷೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೂತು ಕೇಳುವವರು ಒಳ್ಳೆಯ ಕೆಲಸಕ್ಕೆ ಬಂದವರಲ್ಲ. ಅವತ್ತಿನಿಂದ ಅವಳು ಅವರೆದುರು ಮಾತನ್ನೇ ನಿಲ್ಲಿಸಿದಳು. ಊರಲ್ಲಿ ಕ್ರಿಸ್ತುವರ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಗೂಬೆ ಹೋಗಿ ಲೆಕ್ಕದ ಬಾಯಮ್ಮ ಆಯಿತು, ಅಷ್ಟೇ ವ್ಯತ್ಯಾಸ.

ಬಾಯಮ್ಮನ ಬಗ್ಗೆ ಅವಳು ವಿಚಾರಿಸದೆ ಬಿಡಲಿಲ್ಲ. ಲಂಚ್ ಕ್ಲಬ್ಬಿಗೆ ಬರುವವರಲ್ಲಿ ಒಬ್ಬರಿಗೆ ಗೊತ್ತಿತ್ತು: ಗಂಡ ಎಮ್ಯಾನುವೆಲ್ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಸರಕು ಹೇರುವ ಕಡೆ ಇದ್ದಾರೆ, ಇವರು ಹ್ಯಾರೋದ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದವರು, ಇದ್ದಕ್ಕಿದ್ದ ಹಾಗೆ ಬಿಟ್ಟರು. ಬಿಟ್ಟರೋ ಬಿಡಿಸಿದರೋ ಹೇಳಿದವರಿಗೂ ಗೊತ್ತಿರಲಿಲ್ಲ. "ತೆಗ್ದ್ ಹಾಕಿರ್ ಅಂಬ್ರ್" ಎಂದು ಲೋಕೇಶ ತೀರ್ಪು ಕೊಟ್ಟ. ಅಂಬ್ರ್ ಎಂದರೆ ಅನ್ನುತ್ತಾರೆ, ಅದಕ್ಕೆ ಸಾಕ್ಷಿ ಬೇಕಿಲ್ಲವಲ್ಲ.

ಗುಲಾಬಿ ಬಸ್ ಸ್ಟಾಪಿನಲ್ಲಿ ನೇರವಾಗಿಯೇ ಕೇಳಿದಳು. ಮಳೆ ಹನಿಯುತ್ತಿತ್ತು, ಇಬ್ಬರೂ ಒಂದೇ ಮಾಡಿನ ಕೆಳಗೆ ನಿಂತಿದ್ದರು, ಮಾತಾಡದಿರುವುದೂ ಕಷ್ಟವಿತ್ತು.

"ಅಷ್ಟ್ ಒಳ್ಳೆ ಶಾಲಿ ಬಿಟ್ಟದ್ ಎಂತಕ್ಕೆ ಬಾಯಮ್ಮ?"

ನೋರಾ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಮಕ್ಳ್ ಒಂದ್ ಪ್ರಶ್ನೆ ಕೇಂತಿದ್ರ್. ಇದ್ ಎಂತಕ್ಕೆ ಟೀಚರ್, ಅಂದೇಳಿ. ಪರೀಕ್ಷೆಗೆ ಅಂದೆ. ಒಂದ್ ವರ್ಷ ಅಂದೆ, ಹತ್ ವರ್ಷ ಅಂದೆ. ಆಮೇಲ್ ನಂಗೇ ಆ ಉತ್ರ ಹೇಳೂಕೆ ಬ್ಯಾಸ್ರ ಆಯ್ತ್. ಬೇರೆ ಉತ್ರ ಎಲ್ಲಾರೂ ಸಿಕ್ಕತ್ತಾ ಕಾಂಬ ಅಂದೇಳಿ ಬಂದೆ."

ಮಕ್ಕಳು ಕೇಳಿದ ಪ್ರಶ್ನೆಗೆ ಯಾರಾದರೂ ಕೆಲಸ ಬಿಡುತ್ತಾರೆಯೇ? ಗುಲಾಬಿ ತಲೆಯಾಡಿಸಿದಳು, ನಂಬಲಿಲ್ಲ.

ಆ ಕಂದು ಚೀಲವೂ ಅವಳನ್ನು ಕಾಡುತ್ತಿತ್ತು. ಒಂದು ದಿನ ಅಡುಗೆ ಬೇಗ ಮುಗಿದಾಗ ಅವಳು ನೋರಾ ಹೋದ ದಾರಿಯಲ್ಲೇ ಹೋದಳು. ಅಂಗಳ ದಾಟಿದರೆ ಇಟ್ಟಿಗೆ ಕೆಲಸ ಕಲಿಸುವ ಶೆಡ್ಡು. ಕಿಟಕಿಯ ಗಾಜಿನಿಂದ ಇಣುಕಿದಳು. ಲೆಕ್ಕದ ಬಾಯಮ್ಮ ಸಿಮೆಂಟ್ ಧೂಳಿನಲ್ಲಿ ಮೊಣಕಾಲೂರಿ ಕೂತಿದ್ದರು. ಚೀಲದಿಂದ ಗಂಟುಗಂಟಿನ ಹಗ್ಗವೊಂದನ್ನು ತೆಗೆದು, ಹೊಸ ಗೋಡೆಯ ಮೂಲೆಗೆ ಮೂರು ಕಡೆ ಹಿಡಿಸಿ ಎಳೆದರು. ಪೇಟ ಸುತ್ತಿದ ಒಬ್ಬ ಸರ್ದಾರ್ಜಿ, ಇನ್ನಿಬ್ಬರು ಗಂಡಸರು ಬಗ್ಗಿ ನೋಡಿದರು. ಹಗ್ಗದ ಮೂಲೆಗೆ ಗೋಡೆಯ ಮೂಲೆ ಹೊಂದಲಿಲ್ಲ, ಏನೋ ಮಾತಾಯಿತು. ಸ್ವಲ್ಪ ಹೊತ್ತಿಗೆ ಸರ್ದಾರ್ಜಿ ಎದ್ದು, ತಾನೇ ಕಟ್ಟಿದ ಗೋಡೆಯನ್ನು ತಾನೇ ಕಾಲಿನಿಂದ ಒದ್ದು ಕೆಡವಿದ.

ಗುಲಾಬಿ ಕಿಟಕಿಯಿಂದ ಹಿಂದೆ ಸರಿದಳು. ಕಟ್ಟಿದ್ದನ್ನು ಕೆಡವಿಸುವ ಹೆಂಗಸು. ನಾಳೆ ನನ್ನ ಪಾತ್ರೆಯನ್ನೂ ಒದೆಸುತ್ತಾಳೆ.

ಕಾಲೇಜಿಗೆ ಸೇರಿದ ಸಣ್ಣ ರೆಸ್ಟೋರೆಂಟಿನಲ್ಲಿ ಕ್ರಿಸ್ಮಸ್ಸಿನ ಮುಂಚೆ ಹೊರಗಿನವರಿಗೆ ಊಟ ಹಾಕುವ ಪದ್ಧತಿ. ಆ ವರ್ಷ ಅನ್ನದ ಜವಾಬ್ದಾರಿಯನ್ನು ಬ್ರಯನ್ ಗುಲಾಬಿಗೆ ಕೊಟ್ಟ. ಅವಳು ಒಳಗೊಳಗೇ ಹಿಗ್ಗಿದಳು. ಅನ್ನ ಮಾಡುವುದನ್ನು ಅವಳಿಗೆ ಹೇಳಿಕೊಡುವವರು ಇನ್ನೂ ಹುಟ್ಟಿಲ್ಲ. ಆದರೆ ಅಲ್ಲಿನ ಕ್ರಮ ಬೇರೆ. ಒಲೆಯ ಮೇಲೆ ಹಂಡೆಯಿಲ್ಲ. ಅಗಲ ತಟ್ಟೆಗಳಲ್ಲಿ ಅಕ್ಕಿ ಹರಡಿ, ಕುದಿಯುವ ನೀರು ಹೊಯ್ದು, ಬೆಳ್ಳಿ ಕಾಗದ ಮುಚ್ಚಿ ಓವನ್ನಿಗೆ ತಳ್ಳಬೇಕು. ಬೆರಳು ಅದ್ದಿ ಗೆಣ್ಣಿನವರೆಗೆ ನೀರು ಬಂತೇ ಎಂದು ನೋಡುವಂತಿಲ್ಲ, ಬೆರಳು ಬೆಂದೀತು. ಗಂಜಿ ಬಸಿಯುವಂತಿಲ್ಲ. ಒಂದು ಮಗ್ಗು ಅಕ್ಕಿಗೆ ಒಂದೂವರೆ ಮಗ್ಗು ನೀರು ಎಂದು ನೋರಾ ಹೇಳಿದರು, ಬ್ರಯನ್ನೂ ಹೂಂಗುಟ್ಟಿದ.

ಗುಲಾಬಿ ಅಗಲ ಬಾಯಿಯ ಸ್ಟೀಲ್ ಮಗ್ಗಿನಲ್ಲಿ ಅಕ್ಕಿ ಅಳೆದಳು, ಅದೇ ಮಗ್ಗಿನಲ್ಲಿ ನೀರು ಅಳೆದಳು, ಹೇಳಿದ್ದಕ್ಕೆ ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಓವನ್ನಿನ ಬಾಗಿಲು ತೆರೆದಾಗ ಅನ್ನದ ನಡುವೆ ಇನ್ನೂ ಅಕ್ಕಿಯಿತ್ತು. ಹಲ್ಲಿಗೆ ಸಿಕ್ಕಿದರೆ ಕಟಕ್ ಎನ್ನುವಂಥ ಅನ್ನ. ಹೊರಗೆ ಜನ ಕೂತಾಗಿತ್ತು. ಬ್ರಯನ್ ಅನ್ನದ ಬದಲು ಆಲೂಗಡ್ಡೆ ಬಡಿಸಿಬಿಟ್ಟ. ಅವನು ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಗುಲಾಬಿ ಕೋಟು ಬಿಚ್ಚಿ ಮೇಜಿನ ಮೇಲೆ ಎಸೆದಳು.

"ಬಾಯಮ್ಮ, ನೀವ್ ಬೇಕಂದೇಳಿಯೇ ನೀರ್ ಕಮ್ಮಿ ಹೇಳ್ದ್ರಿ. ನನ್ ಮಾನ ಕಳೂಕೆ. ರುಜು ಹಾಕೂಕ್ ಮನ್ಸಿಲ್ದಿದ್ರೆ ಬಾಯ್ ಬಿಟ್ ಹೇಳ್ಕಿತ್ತ್. ಅಲ್ಲಿ ಮುದ್ಕ್ರ್ ಡಬ್ಬಿ ತಿಂಬ್ದ್ ಆದ್ರೆ ಆ ಪಾಪ ನಿಮ್ಗೇ."

ನೋರಾಗೆ ಸಿಟ್ಟು ಬಂತು. ಮುಖ ಕೆಂಪಾದದ್ದು ಗುಲಾಬಿಗೆ ಕಂಡಿತು. "ನಂಗೂ ಸಂಶಯ ಇತ್ತ್ ಗುಲಾಬಕ್ಕ" ಅಂದರು. "ನೀವ್ ಮೊದ್ಲಿಂದ್ಲೂ ಪಾತ್ರಿಗ್ ಬೆನ್ ಕೊಟ್ಟೇ ನಿಂತದ್. ಇವತ್ತೂ ಹಾಂಗೇ. ನೀವ್ ಎಂತ ಅಳ್ದ್ರಿ ಅಂದೇಳಿ ನಾ ಕಾಣ್ಲೇ ಇಲ್ಲೆ. ಈಗ ನನ್ನೆದ್ರಿಗೆ ಒಂದ್ ಮಗ್ ಅಕ್ಕಿ ಅಳ್ದ್ ತೋರ್ಸಿ."

"ತೋರ್ಸ್ದೆ ಎಂತ, ಹೆದ್ರಿಕಿಯಾ?"

ಗುಲಾಬಿ ಮಗ್ಗನ್ನು ಅಕ್ಕಿಯ ಡಬ್ಬಕ್ಕೆ ಇಳಿಸಿ ಎತ್ತಿದಳು. ಮಗ್ಗಿನ ಬಾಯಿಯ ಮೇಲೆ ಅಕ್ಕಿ ಗೋಪುರದ ಹಾಗೆ ನಿಂತಿತ್ತು, ಇನ್ನೊಂದು ಕಾಳು ಇಟ್ಟರೆ ಜಾರುವಷ್ಟು. ನೋರಾ ಚೀಲದಿಂದ ಮರದ ಪಟ್ಟಿಯೊಂದನ್ನು ತೆಗೆದು ಅದರ ಅಂಚನ್ನು ಮಗ್ಗಿನ ಬಾಯಿಯ ಹತ್ತಿರ ತಂದರು, ಸವರುವುದಕ್ಕೆ.

ಗುಲಾಬಿ ಮಗ್ಗನ್ನು ಸರಕ್ಕನೆ ಎದೆಗೆ ಎಳೆದುಕೊಂಡಳು.

"ಮುಟ್ಬೇಡಿ! ಅಕ್ಕಿ ತಲೆ ಸವರೂಕಾ? ಅದ್ ಸಾಲ ವಾಪಸ್ ಕೊಡು ಪಿಟ್ಟಾಸಿಗಳ್ ಅಳೂ ಕ್ರಮ. ಉಂಬೂಕ್ ಬಂದವ್ರಿಗೆ ನಮ್ ಮನ್ಯಗೆ ಯಾರೂ ಸವರಿ ಅಳ್ದದ್ದಿಲ್ಲೆ. ನಮ್ಮತ್ತೆ ಇದ್ರೆ ಕೈ ಮುರಿತಿದ್ರ್. ನಂಗ್ ಮೊದ್ಲೇ ಗೊತ್ತಿತ್ತ್, ನೀವ್ ಬಂದದ್ ಇದ್ಕೇ. ಬಟ್ಲ್ ಸಣ್ಣ ಮಾಡೂಕೆ."

ನೋರಾ ಮರದ ಪಟ್ಟಿಯನ್ನು ಕೆಳಗಿಟ್ಟರು. ಮಗುಚಿದ ಕ್ರೇಟಿನ ಮೇಲೆ ಕೂತರು. ಆಮೇಲೆ ನಗತೊಡಗಿದರು. ಅಣಕಿಸುವ ನಗೆಯಲ್ಲ, ಮನೆಯ ಸಾಮಾನು ಎಲ್ಲೋ ಸಿಕ್ಕಿದವರ ನಗೆ.

"ನಮ್ಮಮ್ಮನೂ ಹಾಂಗೇ" ಅಂದರು. "ಬೇಡೂಕ್ ಬಂದವ್ರಿಗೂ ಗೋಪುರ ಇಟ್ಟೇ ಹಾಕ್ತಿದ್ರ್. ಅಪ್ಪ ಗುರುಗುಟ್ಟಿರೆ, ದೇವ್ರ್ ನಮ್ಗ್ ಸವರಿ ಕೊಟ್ಟದ್ದಾ, ಅಂದೇಳಿ ಕೇಂತಿದ್ರ್. ನಾ ಅದ್ನ ಮರ್ತೇ ಬಿಟ್ಟಿದ್ದೆ ಕಾಣಿ. ಅದ್ಕೇ ನಿಮ್ ಅನ್ನ ಎಂತಕ್ಕೆ ಬೇಯ್ಲಿಲ್ಲೆ ಅಂದೇಳಿ ತಲಿಗ್ ಹೋಯ್ಲಿಲ್ಲೆ." ಎದ್ದು ಬಂದು, ಅದೇ ಅಳತೆಯ ಇನ್ನೊಂದು ಮಗ್ಗಿಗೆ ನಲ್ಲಿಯಿಂದ ನೀರು ಬಿಟ್ಟರು. ನೀರು ಅಂಚಿಗೆ ಬಂತು, ಅಂಚು ದಾಟಿ ಹರಿಯಿತು. ಇನ್ನೂ ಬಿಟ್ಟರು, ಇನ್ನೂ ಹರಿಯಿತು. "ಅಕ್ಕಿಗ್ ಗೋಪುರ ಇಟ್ರಿ. ನೀರಿಗ್ ಗೋಪುರ ಇಡೂಕಾತ್ತಾ ಗುಲಾಬಕ್ಕ?"

ಗುಲಾಬಿ ಹರಿಯುವ ನೀರನ್ನು ನೋಡುತ್ತ ನಿಂತಳು.

ಮನೆಯಲ್ಲಾದರೆ ಬೆರಳು ಅದನ್ನು ಸರಿಮಾಡುತ್ತಿತ್ತು. ಅಕ್ಕಿ ಎಷ್ಟೇ ಇರಲಿ, ಗೆಣ್ಣಿನವರೆಗೆ ನೀರು. ಇಲ್ಲಿ ಬೆರಳಿರಲಿಲ್ಲ, ಮಗ್ಗು ಮಾತ್ರ ಇತ್ತು. ಮಗ್ಗಿಗೆ ಅತಿಥಿ ಯಾರೆಂದು ಗೊತ್ತಿಲ್ಲ.

"ಹಾಂಗಾರೆ ಸವರೂದೇ ಸೈ ಅಂತ್ರ್ಯಾ?" ಎಂದು ಕೇಳಿದಳು, ಮಗ್ಗನ್ನು ಎದೆಯಿಂದ ಇಳಿಸದೆ.

"ಯಾರ್ ಹೇಳ್ದ್ರ್? ಗೋಪುರ ನಿಮ್ದೇ ಇರ್ಲಿ. ಅದ್ಕೂ ನೀರ್ ಕೊಡಿ ಅಂದೆ, ಅಷ್ಟೆ. ಗೋಪುರ ಎಷ್ಟ್ ಇತ್ತ್ ಅಂದೇಳಿ ಗೊತ್ತಾಯ್ಕಲೆ, ಅದ್ನ ಕಾಂಬ."

ಇಬ್ಬರೂ ಮೇಜಿನ ಮೇಲೆ ಬಟ್ಟೆ ಹಾಸಿ ಕೂತರು. ಗುಲಾಬಿ ಗೋಪುರವಿಟ್ಟು ಅಳೆದಳು. ನೋರಾ ಪಟ್ಟಿಯಿಂದ ಸವರಿ, ಬಿದ್ದ ಅಕ್ಕಿಯನ್ನು ಬೇರೆ ಬಟ್ಟಲಿಗೆ ಹಾಕಿದರು. ಇನ್ನೊಂದು, ಮತ್ತೊಂದು. ನಾಲ್ಕು ಮಗ್ಗಿನ ಗೋಪುರ ಸೇರಿದರೆ ಬಟ್ಟಲಲ್ಲಿ ಸರಿಯಾಗಿ ಒಂದು ಸವರಿದ ಮಗ್ಗು. ಗುಲಾಬಿ ನಂಬಲಿಲ್ಲ. ಪಟ್ಟಿಯಲ್ಲಿ ಏನಾದರೂ ಕೈಚಳಕವಿದೆಯೇ ಎಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೇರೆ ಡಬ್ಬದ ಅಕ್ಕಿಯಲ್ಲಿ ತಾನೇ ಇನ್ನೊಮ್ಮೆ ಮಾಡಿದಳು. ಮತ್ತೆ ಅದೇ. ನಾಲ್ಕಕ್ಕೆ ಒಂದು.

"ನೋಡಿ" ಅಂದರು ನೋರಾ, "ಇನ್ಮೇಲೆ ಸವರಿ ನಾಲ್ಕ್ ಅಳೀಕ್. ಐದ್ನೇದ್ ಬಂದವ್ರ ಪಾಲ್, ಅದ್ನೂ ಸವರಿಯೇ ಅಳೀಕ್. ಐದಕ್ಕೂ ನೀರ್ ಹಾಕ್ಕ್. ಉಂಬವ್ರಿಗ್ ಒಂದ್ ಕಾಳೂ ಕಮ್ಮಿ ಆತ್ತಿಲ್ಲೆ. ಸೈಯಾ?"

ಸೈ ಅನ್ನುವುದಕ್ಕೆ ಗುಲಾಬಿಗೆ ಮನಸ್ಸು ಬರಲಿಲ್ಲ. ಸಂಶಯ ಎನ್ನುವುದು ಬಟ್ಟೆಗೆ ಹತ್ತಿದ ಗೇರುಸೊನೆ, ಒಂದು ಒಗೆತಕ್ಕೆ ಹೋಗುವುದಿಲ್ಲ. ಆದರೆ ಮರುವಾರ ಅವಳು ಪಾತ್ರೆಗೆ ಬೆನ್ನು ಅಡ್ಡ ಕೊಡಲಿಲ್ಲ. ಪಕ್ಕಕ್ಕೆ ಸರಿದು ನಿಂತಳು, ಒಬ್ಬರು ಇಣುಕುವಷ್ಟು ಜಾಗ ಬಿಟ್ಟು.

ಆ ಜಾಗದಲ್ಲಿ ನೋರಾ ಚಳಿಗಾಲವಿಡೀ ನಿಂತರು. ಹತ್ತು ಜನರ ಸಾರು ಅರವತ್ತು ಜನಕ್ಕೆ ಮಾಡುವಾಗ ಹುಣಸೆ ಎಷ್ಟು ಬೆಳೆಯಬೇಕು, ಮೆಣಸು ಯಾಕೆ ಅಷ್ಟೇ ಬೆಳೆಯಬಾರದು ಎಂದು ಇಬ್ಬರೂ ಜಗಳವಾಡಿದರು. ಮೆಣಸಿನಲ್ಲಿ ಗುಲಾಬಿ ಗೆದ್ದಳು, ಹುಣಸೆಯಲ್ಲಿ ಸೋತಳು. ಹಿಟ್ಟು ಉದುರಿಸಿದ ಮೇಜಿನ ಮೇಲೆ ಬೆರಳಿನಿಂದ ಬರೆದು ಬರೆದು, ಕಾಗದದ ಮೇಲಿನ ಗುಣಾಕಾರವೂ ಅವಳಿಗೆ ಮೆಲ್ಲಗೆ ಒಲಿಯಿತು. ಲೋಕೇಶ ಮಾತ್ರ ಬಿಡುತ್ತಿರಲಿಲ್ಲ.

"ಎಂಥ ಗುಲಾಬಕ್ಕ, ಬಾಯಮ್ಮ ಮದ್ದ್ ಹಾಕಿರಾ ಹ್ಯಾಂಗೆ?"

"ಮದ್ದಲ್ದಾ, ಕಾದ್ ಕಾಂತಿದ್ದೆ. ರುಜು ಆಗ್ಲಿ, ಆಮೇಲ್ ಹೇಳ್ತೆ."

ಪರೀಕ್ಷೆಗೆ ಹೊರಗಿನಿಂದ ಒಬ್ಬ ಬಿಳಿಯ ಹೆಂಗಸು ಬಂದಳು, ಕನ್ನಡಕದ ಮೇಲಿನಿಂದ ನೋಡುವವಳು. ನೋರಾ ಬಾಗಿಲ ಹತ್ತಿರ ನಿಲ್ಲಬಹುದು, ಬಾಯಿ ತೆರೆಯುವಂತಿಲ್ಲ. ಗುಲಾಬಿ ಸವರಿ ನಾಲ್ಕು ಅಳೆದಳು, ಐದನೆಯದು ಅಳೆದಳು. ಬಿಳಿಯ ಹೆಂಗಸು ತಡೆದಳು. ಇಷ್ಟು ಜನಕ್ಕೆ ನಾಲ್ಕೇ ಸಾಕಲ್ಲ, ಇದು ಯಾಕೆ? ಲೆಕ್ಕ ತಪ್ಪಿತಲ್ಲವೇ?

ಗುಲಾಬಿ ಬಾಗಿಲ ಕಡೆ ನೋಡಿದಳು. ನೋರಾ ಮುಖದಲ್ಲಿ ಏನೂ ಇರಲಿಲ್ಲ. ಅಷ್ಟು ದಿನದ ಸಂಶಯವೆಲ್ಲ ಒಟ್ಟಿಗೇ ಎದ್ದು ಬಂತು. ಇದಕ್ಕೇ ತಾನೇ ಐದನೆಯ ಮಗ್ಗು ಕಲಿಸಿದ್ದು? ಇಲ್ಲಿ, ಇವಳೆದುರು, ತಪ್ಪಿಸಲಿಕ್ಕೆ? ಐದನೆಯದನ್ನು ಡಬ್ಬಕ್ಕೆ ಸುರಿದುಬಿಟ್ಟರೆ ಆಯಿತು, ಸರ್ಟಿಫಿಕೇಟು ಬರುತ್ತದೆ. ಆದರೆ ಗುರುವಾರ ಹಾಲ್‌ನಲ್ಲಿ ಬಡಿಸುವಾಗ ಅತ್ತೆಯ ಮುಖ ಕಣ್ಣೆದುರು ಬಂದರೆ?

ಅವಳು ಸುರಿಯಲಿಲ್ಲ.

"ದಿಸ್, ಗೆಸ್ಟ್ ಶೇರ್" ಅಂದಳು, ತನಗೆ ಬರುವ ಇಂಗ್ಲಿಷಿನಲ್ಲಿ. "ಫೋರ್ ಮಗ್, ಒನ್ ಗೆಸ್ಟ್ ಶೇರ್. ಐ ನೋ, ಎಕ್ಸ್‌ಟ್ರಾ. ಗೆಸ್ಟ್ ಶೇರ್ ಆಲ್ಸೋ ನೀಡ್ ವಾಟರ್." ಅನ್ನುತ್ತ ನೀರನ್ನೂ ಅಳೆದು ತೋರಿಸಿದಳು, ಐದಕ್ಕೆ ಏಳೂವರೆ. ಮೇಜಿನ ಮೇಲೆ ಹಿಟ್ಟು ಉದುರಿಸಿ ಬೆರಳಿನಿಂದ ಬರೆದಳು, ಎಂಟಕ್ಕೆ ಎಷ್ಟು, ಹನ್ನೆರಡಕ್ಕೆ ಎಷ್ಟು. ಬಿಳಿಯ ಹೆಂಗಸು ಕನ್ನಡಕವನ್ನು ಸರಿಮಾಡಿಕೊಂಡು ಹಿಟ್ಟಿನ ಮೇಲಿನ ಅಂಕಿಗಳನ್ನು ಓದಿದಳು. ಅನ್ನ ಬೆಂದು ಬಂದ ಮೇಲೆ ಒಂದಗುಳು ಬಾಯಿಗೆ ಹಾಕಿಕೊಂಡಳು. ಹೇಳಿದ್ದು ಒಂದೇ ಮಾತು, ಫೈನ್.

ಸರ್ಟಿಫಿಕೇಟು ಬಂದಾಗ ಗುಲಾಬಿ ಅದನ್ನು ನೇರವಾಗಿ ಅಶ್ವತ್ಥನಾರಾಯಣರ ಕೈಗೆ ಕೊಟ್ಟಳು.

"ಕನ್ನಡ್ಕ ಹಾಕಂಡ್ ಓದಿ ಸಾರ್. ಬಾಯಮ್ಮನ ರುಜು ಹತ್ರ ಎಲ್ಲಾರೂ 'ಆದ್ರೆ' ಅಂದೇಳಿ ಇತ್ತಾ ಕಾಣಿ."

"ಆದ್ರೆ ಇಲ್ಲ, ಹೋದ್ರೆ ಇಲ್ಲ. ಪಾಸು ಗುಲಾಬಮ್ಮ! ಒಲೆ ಹಚ್ಚಿ ಮೊದ್ಲು."

ಒಲೆ ಉಳಿಯಿತು. ಡಬ್ಬಿಯ ವ್ಯಾನು ಆ ಬೀದಿಗೆ ಬರಲಿಲ್ಲ. ನೋರಾಗೆ ಮಾತ್ರ ಅಡುಗೆಮನೆ ಉಳಿಯಲಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಕಾಲೇಜಿನಲ್ಲಿ ದೊಡ್ಡವರು ಬದಲಾದರು, ಗಣಿತಕ್ಕೆ ಮತ್ತೆ ಬೇರೆ ಕೋಣೆ, ಕಂಪ್ಯೂಟರುಗಳ ಸಾಲು ಎಂದಾಯಿತು. ಸುದ್ದಿ ತಂದವನು ಲೋಕೇಶನೇ. ಅವರು ಆ ಕೋಣೆಯಲ್ಲಿ ಕಂದು ಚೀಲವನ್ನು ಕಾಲ ಬುಡದಲ್ಲಿಟ್ಟುಕೊಂಡು ಕೂತಿರುತ್ತಾರಂತೆ. ಹಗ್ಗವೂ ಮರದ ಪಟ್ಟಿಯೂ ಹೊರಗೆ ಬರುವುದಿಲ್ಲವಂತೆ. ಗುಲಾಬಿಗೆ ಇದರಲ್ಲೂ ಸಂಶಯ ಬಂತು, ಈ ಸಲ ದೊಡ್ಡವರ ಮೇಲೆ. ಯಾರ ಬಟ್ಟಲೂ ಸಣ್ಣ ಮಾಡದ ಲೆಕ್ಕದಿಂದ ಅವರಿಗೆ ಏನು ಪ್ರಯೋಜನ, ಅದಕ್ಕೇ ಎತ್ತಂಗಡಿ.

2008ರಲ್ಲಿ ಒಂದು ಗುರುವಾರ ಲಂಚ್ ಕ್ಲಬ್ಬಿನ ಸಾಲಿನಲ್ಲಿ ತಟ್ಟೆ ಹಿಡಿದು ನೋರಾ ನಿಂತಿದ್ದರು. ನಿವೃತ್ತಿಯಾಗಿತ್ತು. ಗಂಡ ಎಮ್ಯಾನುವೆಲ್ ಆ ವರ್ಷದ ಮೊದಲಲ್ಲೇ ತೀರಿಕೊಂಡಿದ್ದರು. ಒಬ್ಬರಿಗೆ ಅಡುಗೆ ಮಾಡಿಕೊಳ್ಳುವ ಅಳತೆ ತನಗೆ ಇನ್ನೂ ಸಿಕ್ಕಿಲ್ಲ ಎಂದು ನಕ್ಕರು. ಗುಲಾಬಿ ಬಡಿಸಿದಳು, ನಗಲಿಲ್ಲ. ಬಡಿಸುವ ಕಿಟಕಿಯ ಆಚೆಯಿಂದ ಅವರು ಇಣುಕುತ್ತಿದ್ದದ್ದು ತಟ್ಟೆಯನ್ನಲ್ಲ, ಒಳಗಿನ ಪಾತ್ರೆಗಳನ್ನು. ಈ ಹೆಂಗಸು ಉಣ್ಣಲು ಬಂದದ್ದೋ, ಪರೀಕ್ಷೆ ಮಾಡಲು ಬಂದದ್ದೋ?

ಆಮೇಲೆ ಅವರು ಪ್ರತಿ ಗುರುವಾರ ಬಂದರು. ಬಂದಾಗಲೆಲ್ಲ ಒಂದು ಪ್ರಶ್ನೆ. ಇವತ್ತು ಎಷ್ಟು ಜನ? ಹುಣಸೆ ಎಷ್ಟು ಹೆಚ್ಚಿಸಿದಿರಿ? ಗುಲಾಬಿ ಒಮ್ಮೊಮ್ಮೆ ಉತ್ತರ ಕೊಡುತ್ತಿದ್ದಳು, ಒಮ್ಮೊಮ್ಮೆ "ಉಣ್ಣಿ ಸುಮ್ನೆ" ಅನ್ನುತ್ತಿದ್ದಳು. ಆದರೆ ಅಳೆಯುವಾಗ ಅವರು ಕಿಟಕಿಯಲ್ಲಿ ನಿಂತಿದ್ದಾರೆಂದುಕೊಂಡೇ ಅಳೆಯುತ್ತಿದ್ದಳು, ಅವರು ಬಾರದ ಮಂಗಳವಾರಗಳಲ್ಲೂ.

ಮರುವರ್ಷದ ಮಾರ್ಚಿನಲ್ಲಿ ಅವರು ಬಹಳ ಇಳಿದುಹೋಗಿದ್ದರು. ಕೋಟಿನ ತೋಳು ಮತ್ತೆ ದೊಗಳೆಯಾಗಿತ್ತು, ಮೊದಲ ದಿನದ ಹಾಗೆ. ಆಸ್ಪತ್ರೆಗೆ ಹೋಗಿ ಬರುತ್ತಿದ್ದೇನೆ ಎಂದರು, ಯಾವುದಕ್ಕೆ ಎಂದು ಹೇಳಲಿಲ್ಲ. ಗುಲಾಬಿ ಸೌಟು ಎತ್ತಿ, ತಟ್ಟೆಯಲ್ಲಿ ಅನ್ನವನ್ನು ಒಂದರ ಮೇಲೊಂದು ಏರಿಸಿದಳು, ಇನ್ನೊಂದಗುಳು ಇಟ್ಟರೆ ಜಾರುವಷ್ಟು. ನೋರಾ ಎರಡೂ ಕೈಯಿಂದ ತಟ್ಟೆ ಹಿಡಿದುಕೊಂಡು ಆ ಗೋಪುರವನ್ನು ನೋಡಿದರು. ಒಂದಗುಳನ್ನು ಬೆರಳಲ್ಲಿ ಎತ್ತಿ ಹಿಸುಕಿದರು, ನಡುವೆ ಅಕ್ಕಿಯಿರಲಿಲ್ಲ. ಆಮೇಲೆ ತಲೆಯೆತ್ತಿ, ಮೊದಲ ಬಾರಿಗೆ ಗುಲಾಬಿಯ ಕೈಯನ್ನಲ್ಲ, ಮುಖವನ್ನೇ ನೋಡುತ್ತ ಕೇಳಿದರು. ಗುಲಾಬಿಯನ್ನು ಅವರು ಕೇಳಿದ ಕೊನೆಯ ಪ್ರಶ್ನೆ ಅದು.

"ಗುಲಾಬಕ್ಕ, ಈ ಗೋಪುರಕ್ಕೂ ನೀರ್ ಕೊಟ್ಟಿದ್ರ್ಯಾ?"